ಭಾರಕ್ಕೆ ಮಿನಿವ್ಯಾನ್ ಹಿಂದೆ ಕೂತುಬಿಡುತ್ತಿದೆಯಾ? ಹಿಂದಿನ ಸಸ್ಪೆನ್ಷನ್ ಗಟ್ಟಿ ಮಾಡುವ ಬಗೆ

"ಆರೇಳು ಜನ ಹತ್ತಿ, ಹಿಂದೆ ಲಗೇಜು ತುಂಬಿದರೆ ಸಾಕು, ನಮ್ಮ ವ್ಯಾನು ಹಿಂದುಗಡೆ ಕೂತೇಬಿಡುತ್ತದೆ. ಗುಂಡಿ ಸಿಕ್ಕಿದರೆ ಧಡ್ ಅಂತ ಹೊಡೆಯುತ್ತದೆ. ಏನು ಹಾಕಿಸಬೇಕು?" ಓದುಗರಿಂದ ತಿರುಗಿ ತಿರುಗಿ ಬರುವ ಪ್ರಶ್ನೆ ಇದು. ಒಬ್ಬೊಬ್ಬರಿಗೆ ಅರ್ಧಂಬರ್ಧ ಉತ್ತರ ಕೊಡುವ ಬದಲು ಪೂರ್ತಿ ಕೆಲಸವನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಮಾತು. ಗಟ್ಟಿ ಸ್ಪ್ರಿಂಗು ಹಾಕಿದರೂ, ಸ್ಪ್ರಿಂಗಿಗೆ ನೆರವಾಗುವ ಗಾಳಿ ಚೀಲ, ಅಂದರೆ ಏರ್ ಬ್ಯಾಗ್ ಕೂರಿಸಿದರೂ ನಿಮ್ಮ ವ್ಯಾನು ಹೊರಬಹುದಾದ ಭಾರದ ಮಿತಿ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ. ಆ ಮಿತಿಯನ್ನು ಕಂಪನಿಯವರು ಬ್ರೇಕು, ಟೈರು, ಆಕ್ಸಲ್ (ಎರಡು ಚಕ್ರಗಳ ನಡುವಿನ ಅಚ್ಚು), ವೀಲ್ ಬೇರಿಂಗು, ಬಾಡಿ ಎಲ್ಲವನ್ನೂ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಸ್ಪ್ರಿಂಗು ಅದರಲ್ಲಿ ಒಂದು ಭಾಗ ಅಷ್ಟೇ. ಹಿಂಭಾಗ ಈಗ ಮೇಲೆ ನಿಂತಿದೆಯಲ್ಲ ಅಂತ ಇನ್ನೆರಡು ಮೂಟೆ ಹೇರಿದರೆ ವ್ಯಾನು ನೋಡೋಕೆ ಸಮವಾಗಿಯೇ ಇರುತ್ತದೆ. ಒಳಗೆ ಬ್ರೇಕು, ಬೇರಿಂಗು ಒದ್ದಾಡುತ್ತಿರುತ್ತವೆ. ಮಿತಿಯ ಒಳಗಿನ ಭಾರವನ್ನು ವ್ಯಾನು ನೆಟ್ಟಗೆ ನಿಂತು ಹೊರಬೇಕು. ಈ ಕೆಲಸ ಮಾಡುವುದು ಅಷ್ಟಕ್ಕೇ.

ಹಾಗಂತ ಇದು ಬರೀ ಅಂದಕ್ಕೆ ಮಾಡುವ ಕೆಲಸವಲ್ಲ. ಹಿಂಭಾಗ ತಗ್ಗಿದರೆ ಮೂತಿ ಮೇಲೇಳುತ್ತದೆ. ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಮುಂದಿನ ಟೈರಿನ ಮೇಲೆ ಭಾರ ಕಮ್ಮಿಯಾಗಿ ಸ್ಟೀರಿಂಗು ಹಗುರಾಗುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ. ಮುಂದಿನ ಚಕ್ರಕ್ಕೇ ಎಂಜಿನ್ ಶಕ್ತಿ ಹೋಗುವ ವ್ಯಾನುಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ.

ಹಂತ 1: ಮೊದಲು ತೂಕ ಹಾಕಿ

ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ, ಇಲ್ಲವೇ ಬಾನೆಟ್ ಒಳಗೆ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಎರಡು ಸಂಖ್ಯೆ ಹುಡುಕಿ. ಒಂದು, ವಾಹನದ ಗರಿಷ್ಠ ಒಟ್ಟು ತೂಕ. ಅಂದರೆ ವ್ಯಾನು, ಇಂಧನ, ಜನ, ಸಾಮಾನು ಎಲ್ಲ ಸೇರಿ ಇದಕ್ಕಿಂತ ಜಾಸ್ತಿ ಇರಬಾರದು. ಇನ್ನೊಂದು, ಹಿಂದಿನ ಆಕ್ಸಲ್ ಮೇಲಿನ ಗರಿಷ್ಠ ಭಾರ. ಮಿನಿವ್ಯಾನಿನಲ್ಲಿ ಮೊದಲು ಮುಟ್ಟುವುದು ಸಾಮಾನ್ಯವಾಗಿ ಈ ಎರಡನೇ ಮಿತಿ.

ಯಾವಾಗಲೂ ಹೇರುವಷ್ಟೇ ಭಾರ ಹೇರಿಕೊಂಡು, ಜನರನ್ನೂ ಕೂರಿಸಿಕೊಂಡು, ವೇ ಬ್ರಿಡ್ಜಿಗೆ ಹೋಗಿ. ಒಮ್ಮೆ ಇಡೀ ವ್ಯಾನನ್ನು ತೂಗಿಸಿ. ಆಮೇಲೆ ಹಿಂದಿನ ಚಕ್ರ ಮಾತ್ರ ತಕ್ಕಡಿಯ ಮೇಲೆ ಇರುವ ಹಾಗೆ ನಿಲ್ಲಿಸಿ ಮತ್ತೊಮ್ಮೆ ತೂಗಿಸಿ. ಎರಡರಲ್ಲಿ ಯಾವುದಾದರೂ ಮಿತಿ ದಾಟಿದ್ದರೆ ಇಲ್ಲಿಗೇ ನಿಲ್ಲಿ. ನಿಮಗೆ ಬೇಕಿರುವುದು ಸ್ಪ್ರಿಂಗಲ್ಲ. ಸಾಮಾನು ಕಮ್ಮಿ ಮಾಡಬೇಕು, ಇಲ್ಲವೇ ದೊಡ್ಡ ಗಾಡಿ ನೋಡಬೇಕು.

ಭಾರ ಎಷ್ಟು ಅನ್ನುವಷ್ಟೇ ಮುಖ್ಯ, ಅದು ಎಲ್ಲಿದೆ ಅನ್ನುವುದು. ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 3 ಮೀಟರ್ ಇದೆ ಅಂದುಕೊಳ್ಳಿ. ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಆಚೆ, ಡಿಕ್ಕಿಯ ಬಾಗಿಲ ಹತ್ತಿರ 100 ಕಿಲೋ ಇಟ್ಟರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 133 ಕಿಲೋ! ಆ ಹೆಚ್ಚಿನ 33 ಕಿಲೋ ಮುಂದಿನ ಚಕ್ರದಿಂದ ಕಿತ್ತುಕೊಂಡು ಬಂದದ್ದು. ಏತದ ಹಾಗೆ, ಒಂದು ತುದಿ ಒತ್ತಿದರೆ ಇನ್ನೊಂದು ಏಳುತ್ತದೆ. ಹಿಂದೆ ಟ್ರೈಲರ್ ಕಟ್ಟಿದಾಗ ಅದರ ಮೂತಿ ಕೊಂಡಿಯ ಮೇಲೆ ಹಾಕುವ ಭಾರಕ್ಕೂ ಇದೇ ಲೆಕ್ಕ. ಅದಕ್ಕೇ ಭಾರದ ಸಾಮಾನನ್ನು ನಡುವಿನ ಸೀಟಿನ ಹತ್ತಿರಕ್ಕೆ ಸರಿಸಿ, ಕಟ್ಟಿ, ಒಮ್ಮೆ ನೋಡಿ. ಕೆಲವರಿಗೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಹಂತ 2: ಎತ್ತರ ಅಳೆದು ಬರೆದಿಡಿ

ಸಮತಟ್ಟಾದ ನೆಲದಲ್ಲಿ ವ್ಯಾನು ನಿಲ್ಲಿಸಿ. ಚಕ್ರದ ನಟ್ಟನಡುವಿನಿಂದ ಮೇಲಿನ ಫೆಂಡರ್ (ಚಕ್ರದ ಮೇಲಿನ ಬಾಡಿಯ ಕಮಾನು) ಅಂಚಿನವರೆಗೆ ಟೇಪು ಹಿಡಿದು ಅಳೆಯಿರಿ. ನಾಲ್ಕೂ ಚಕ್ರಕ್ಕೆ ಹೀಗೇ ಮಾಡಿ. ನೆಲದಿಂದ ಅಳೆಯಬೇಡಿ. ಟೈರಿನ ಗಾಳಿ ಹೆಚ್ಚುಕಮ್ಮಿ ಇದ್ದರೆ ಆ ಲೆಕ್ಕ ಕೆಡುತ್ತದೆ. ಖಾಲಿ ಇದ್ದಾಗ ಒಮ್ಮೆ, ಭಾರ ಹೇರಿದಾಗ ಒಮ್ಮೆ ಅಳೆದು ಬರೆದುಕೊಳ್ಳಿ. ಮುಂದೆ ಗಾಳಿ ಹೊಂದಿಸುವಾಗ ಈ ಚೀಟಿಯೇ ನಿಮ್ಮ ಆಧಾರ.

ಸ್ಪ್ರಿಂಗು ಎಷ್ಟು ತಗ್ಗಬೇಕು ಅನ್ನುವುದಕ್ಕೂ ಒಂದು ಅಂದಾಜು ಇರಲಿ. 1 ಮಿ.ಮೀ. ಒತ್ತಲು ಸುಮಾರು 4 ಕಿಲೋ ಬೇಕಾಗುವ ಸ್ಪ್ರಿಂಗು ಇದೆ ಅನ್ನಿ. ಹಿಂದೆ 200 ಕಿಲೋ ಬಿದ್ದರೆ ಒಂದೊಂದರ ಪಾಲಿಗೆ 100 ಕಿಲೋ. ಸ್ಪ್ರಿಂಗು ಸುಮಾರು 25 ಮಿ.ಮೀ. ಕುಸಿಯುತ್ತದೆ. ಸ್ಪ್ರಿಂಗು ಸಾಮಾನ್ಯವಾಗಿ ಚಕ್ರಕ್ಕಿಂತ ಒಳಗೆ ಇರುವುದರಿಂದ ಚಕ್ರದ ಹತ್ತಿರ ಅದು ಇನ್ನಷ್ಟು ಜಾಸ್ತಿ ಕಾಣುತ್ತದೆ. ಹಾಗಾಗಿ ಭಾರ ಬಿದ್ದಾಗ ಸ್ವಲ್ಪ ತಗ್ಗಿದರೆ ಗಾಬರಿ ಬೇಡ. ಸ್ಪ್ರಿಂಗು ಇರುವುದೇ ತಗ್ಗಲು, ಅಲ್ವಾ?

ಹಂತ 3: ಈಗ ಇರುವುದು ಗಟ್ಟಿ ಇದೆಯಾ ನೋಡಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಖಾಲಿ ವ್ಯಾನಿನಲ್ಲೇ ಎಡಕ್ಕೂ ಬಲಕ್ಕೂ ಎತ್ತರದ ವ್ಯತ್ಯಾಸ ಕಂಡರೆ ಸ್ಪ್ರಿಂಗೇ ಮುರಿದಿರಬಹುದು. ಕಾಯಿಲ್ ಸ್ಪ್ರಿಂಗು, ಅಂದರೆ ಸುರುಳಿ ಸ್ಪ್ರಿಂಗು, ಹೆಚ್ಚಾಗಿ ಮುರಿಯುವುದು ಕೆಳತುದಿಯಲ್ಲಿ. ಅಲ್ಲಿ ಅದು ರಬ್ಬರ್ ಬಟ್ಟಲಿನಲ್ಲಿ ಕೂತಿರುತ್ತದೆ. ಆ ಬಟ್ಟಲಲ್ಲಿ ಕೆಸರು, ನೀರು ನಿಂತು ಬಣ್ಣ ಎದ್ದು ತುಕ್ಕು ಹಿಡಿಯುತ್ತದೆ. ಮೇಲಿಂದ ನೋಡಿದರೆ ಏನೂ ಕಾಣುವುದಿಲ್ಲ. ಟಾರ್ಚು ಹಿಡಿದು, ಕೆಸರು ಒರೆಸಿ, ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಕಾರ್ಖಾನೆಯಲ್ಲಿ ಕತ್ತರಿಸಿದ ತುದಿ ನಯವಾಗಿರುತ್ತದೆ. ಮುರಿದದ್ದು ಒರಟಾಗಿ, ಓರೆಯಾಗಿ ಕೈಗೆ ಚುಚ್ಚುತ್ತದೆ.

ಶಾಕ್ ಅಬ್ಸಾರ್ಬರ್ ಮೈಮೇಲೆ ಎಣ್ಣೆ ಇಳಿದಿದ್ದರೆ ಅದರ ಕಾಲ ಮುಗಿದಿದೆ. ಮಾಮೂಲಿ ಶಾಕ್ ಭಾರ ಹೊರುವುದಿಲ್ಲ, ಸ್ಪ್ರಿಂಗಿನ ಕುಣಿತವನ್ನು ತಡೆಯುತ್ತದೆ ಅಷ್ಟೇ. ಹೊಸ ಶಾಕ್ ಹಾಕಿದರೆ ಹಿಂಭಾಗ ಮೇಲೇಳುತ್ತದೆ ಅನ್ನುವುದು ತಪ್ಪು ತಿಳಿವಳಿಕೆ.

ಇದಕ್ಕೆ ಒಂದು ವಿನಾಯಿತಿ ಇದೆ. ಕೆಲವು ಮಿನಿವ್ಯಾನುಗಳಿಗೆ ನಿವೊಮ್ಯಾಟ್ ಮಾದರಿಯ, ತಾನೇ ಎತ್ತರ ಸರಿಮಾಡಿಕೊಳ್ಳುವ ಶಾಕ್ ಕಂಪನಿಯಿಂದಲೇ ಬಂದಿರುತ್ತದೆ. ಭಾರ ಹೇರಿ ಸ್ವಲ್ಪ ದೂರ ಓಡಿಸಿದರೆ ಅದು ರಸ್ತೆಯ ಕುಲುಕಾಟದಿಂದಲೇ ಒಳಗೆ ಒತ್ತಡ ತುಂಬಿಕೊಂಡು ವ್ಯಾನನ್ನು ಎತ್ತುತ್ತದೆ. ಇಂಥ ವ್ಯಾನಿನಲ್ಲಿ ಸ್ಪ್ರಿಂಗು ಮೆತ್ತಗೇ ಇರುತ್ತದೆ, ಯಾಕಂದರೆ ಅರ್ಧ ಕೆಲಸ ಶಾಕ್ ಮಾಡುತ್ತದೆ. ಅದು ಹಾಳಾದಾಗ ಬೆಲೆ ನೋಡಿ ಮಾಮೂಲಿ ಶಾಕ್ ಹಾಕಿಸಿಕೊಂಡರೆ ವ್ಯಾನು ಖಾಲಿ ಇದ್ದಾಗಲೂ ತಗ್ಗುತ್ತದೆ. ಹಾಗೆ ಬದಲಿಸುವುದೇ ಆದರೆ ಸ್ಪ್ರಿಂಗನ್ನೂ ಅದಕ್ಕೆ ತಕ್ಕದ್ದು ಹಾಕಬೇಕು.

ಟೈರಿನ ಪಕ್ಕೆಯನ್ನೂ ಓದಿ. ಅಳತೆಯ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರು ಹೊರಬಲ್ಲ ಭಾರದ ಗುರುತು. 91 ಅಂದರೆ 615 ಕಿಲೋ, 95 ಅಂದರೆ 690 ಕಿಲೋ, 99 ಅಂದರೆ 775 ಕಿಲೋ. ಅಗ್ಗಕ್ಕೆ ಸಿಕ್ಕಿತು ಅಂತ ಮೂಲದ್ದಕ್ಕಿಂತ ಕಮ್ಮಿ ಸಂಖ್ಯೆಯ ಟೈರು ಹಾಕಿದ್ದರೆ ಅದನ್ನು ಮೊದಲು ಸರಿಮಾಡಿ. ಭಾರ ಹೇರಿದಾಗ ಎಷ್ಟು ಗಾಳಿ ಇರಬೇಕು ಅನ್ನುವುದು ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಇರುತ್ತದೆ. ಎಷ್ಟೋ ವ್ಯಾನುಗಳಲ್ಲಿ ಖಾಲಿಗೆ ಒಂದು, ತುಂಬಿದ್ದಕ್ಕೆ ಇನ್ನೊಂದು ಅಂತ ಬೇರೆ ಬೇರೆ ಕೊಟ್ಟಿರುತ್ತಾರೆ.

ಹಂತ 4: ಯಾವುದು ನಿಮಗೆ ಸರಿ?

ನೀವು ಎಷ್ಟು ಸಲ ಭಾರ ಹೇರುತ್ತೀರಿ ಅನ್ನುವುದರ ಮೇಲೆ ಇದು ನಿಂತಿದೆ.

ಆಗೊಮ್ಮೆ ಈಗೊಮ್ಮೆ ಹೇರುವವರಿಗೆ: ಕಾಯಿಲ್ ಸ್ಪ್ರಿಂಗಿನ ಹೊಟ್ಟೆಯೊಳಗೆ ಕೂರುವ ಏರ್ ಬ್ಯಾಗ್. ಸ್ಟೀರಿಂಗಿನೊಳಗಿನ ಜೀವ ಉಳಿಸುವ ಏರ್ ಬ್ಯಾಗ್ ಬೇರೆ, ಇದು ಬೇರೆ. ಇದು ದಪ್ಪ ಗೋಡೆಯ ಕೊಳವೆಯಾಕಾರದ ಚೀಲ. ಗಾಳಿ ತುಂಬಿದರೆ ಸ್ಪ್ರಿಂಗಿಗೆ ನೆರವಾಗುತ್ತದೆ, ಬಿಟ್ಟರೆ ಸುಮ್ನೆ ಕೂತಿರುತ್ತದೆ. ಖಾಲಿ ಓಡಿಸುವಾಗ ಸವಾರಿ ಮೊದಲಿನಷ್ಟೇ ಮೆತ್ತಗಿರುತ್ತದೆ. ಬಹಳ ಜನರಿಗೆ ನಾನು ಹೇಳುವುದು ಇದನ್ನೇ.

ದಿನಾ ಹೇರುವವರಿಗೆ: ಗಟ್ಟಿ ಸ್ಪ್ರಿಂಗು. ಇಲ್ಲಿ ಪ್ರೋಗ್ರೆಸಿವ್ ಅನ್ನುವ ಮಾತು ಕೇಳಿಬರುತ್ತದೆ. ಅಂದರೆ ಸುರುಳಿಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಮೊದಲು ಮೆತ್ತಗೆ ಒತ್ತುತ್ತದೆ, ಭಾರ ಏರಿದ ಹಾಗೆ ಗಟ್ಟಿಯಾಗುತ್ತದೆ. ತಂತಿಯ ದಪ್ಪ ನೋಡಿ ಮೋಸ ಹೋಗಬೇಡಿ. 12 ಮಿ.ಮೀ. ಇದ್ದದ್ದು 13 ಆದರೆ ಏನು ಮಹಾ ಅನ್ನಿಸುತ್ತದೆ. ಉಳಿದ ಅಳತೆ ಎಲ್ಲ ಒಂದೇ ಇದ್ದರೆ ಅದೊಂದೇ ಮಿ.ಮೀ. ಸ್ಪ್ರಿಂಗನ್ನು ಸುಮಾರು 38 ಶೇಕಡಾ ಗಟ್ಟಿ ಮಾಡುತ್ತದೆ. ಇಷ್ಟು ಗಟ್ಟಿಯಾದ ಸ್ಪ್ರಿಂಗಿನ ಕುಣಿತವನ್ನು ಹಳೆಯ ಶಾಕ್ ಹಿಡಿಯಲಾರದು. ಶಾಕ್ ಕೂಡ ಜೊತೆಗೇ ಬದಲಿಸಿ.

ತಲೆನೋವೇ ಬೇಡ ಅನ್ನುವವರಿಗೆ: ರಬ್ಬರಿನ ನೆರವು ಸ್ಪ್ರಿಂಗು. ಬಂಪ್ ಸ್ಟಾಪ್ ಅಂದರೆ ಆಕ್ಸಲ್ ಬಂದು ಬಾಡಿಗೆ ಹೊಡೆಯದ ಹಾಗೆ ಇರುವ ರಬ್ಬರ್ ಮುದ್ದೆ. ಅದರ ಜಾಗದಲ್ಲಿ ಇನ್ನೂ ಉದ್ದನೆಯ, ಟೊಳ್ಳಾದ ರಬ್ಬರನ್ನು ಕೂರಿಸುತ್ತಾರೆ. ಗಾಳಿ ಇಲ್ಲ, ಪೈಪಿಲ್ಲ. ಎತ್ತರ ನಿಮ್ಮ ಕೈಯಲ್ಲಿ ಇರುವುದಿಲ್ಲ ಅಷ್ಟೇ.

ಹಿಂದೆ ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗು ಇರುವ ವ್ಯಾನಾದರೆ ಒಂದು ಪಟ್ಟಿ ಸೇರಿಸಬಹುದು. ಆಗ ಯೂ ಬೋಲ್ಟುಗಳನ್ನು ಹೊಸದೇ ಹಾಕಿ. ಒಮ್ಮೆ ಬಿಗಿದ ಯೂ ಬೋಲ್ಟು ಎಳೆದುಕೊಂಡಿರುತ್ತದೆ, ಎರಡನೇ ಸಲ ಅಷ್ಟೇ ಬಿಗಿ ಹಿಡಿಯುವುದಿಲ್ಲ.

ಎರಡು ವಿಷಯಕ್ಕೆ ನಾನು ಬೇಡವೇ ಬೇಡ ಅನ್ನುತ್ತೇನೆ. ಸುರುಳಿಗಳ ನಡುವೆ ತುರುಕುವ ಗಟ್ಟಿ ರಬ್ಬರ್ ತುಂಡು ಒಂದು. ಅದು ಕೂತ ಸುರುಳಿ ಕೆಲಸ ನಿಲ್ಲಿಸುತ್ತದೆ, ಅದರ ಪಾಲಿನ ಒತ್ತಡ ಉಳಿದವುಗಳ ಮೇಲೆ ಬಿದ್ದು ಸ್ಪ್ರಿಂಗು ಮುರಿಯುವ ದಾರಿ ಆಗುತ್ತದೆ. ಇನ್ನೊಂದು, ಮಾಮೂಲಿ ಶಾಕ್ ಜಾಗಕ್ಕೆ ಗಾಳಿ ತುಂಬುವ ಶಾಕ್ ಹಾಕಿ ಅದರ ಮೇಲೆ ಪೂರ್ತಿ ಭಾರ ಬಿಡುವುದು. ಶಾಕ್ ಹಿಡಿದಿರುವ ಬೋಲ್ಟು, ಬ್ರಾಕೆಟ್ಟನ್ನು ವ್ಯಾನಿನ ತೂಕ ಹೊರಲು ಮಾಡಿರುವುದಿಲ್ಲ.

ಹಂತ 5: ವ್ಯಾನು ಎತ್ತಿ ನಿಲ್ಲಿಸುವುದು

ಇಲ್ಲಿಂದ ಮುಂದೆ ಏರ್ ಬ್ಯಾಗ್ ಕೂರಿಸುವುದನ್ನೇ ವಿವರವಾಗಿ ಹೇಳುತ್ತೇನೆ. ಮನೆಯಲ್ಲಿ ಮಾಡಲು ಆಗುವುದು ಇದೇ.

ಬೇಕಾಗುವುದು: ಒಳ್ಳೆಯ ಜಾಕ್, ವ್ಯಾನಿನ ತೂಕ ತಡೆಯುವ ಎರಡು ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಕೊಡುವ ಅಡ್ಡೆಗಳು, ಸ್ಪ್ಯಾನರ್ ಸೆಟ್, ಟಾರ್ಕ್ ವ್ರೆಂಚ್, ಹರಿತವಾದ ಬ್ಲೇಡು, ಕೇಬಲ್ ಟೈ, ಸೋಪಿನ ನೀರು. ಟಾರ್ಕ್ ವ್ರೆಂಚ್ ಅಂದರೆ ನಟ್ಟನ್ನು ಕಂಪನಿ ಹೇಳಿದಷ್ಟೇ ಬಿಗಿ ಮಾಡಲು ನೆರವಾಗುವ ಸ್ಪ್ಯಾನರ್.

ಗಟ್ಟಿ, ಮಟ್ಟಸ ನೆಲ ಇರಲಿ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡೆ ಕೊಡಿ. ವೀಲ್ ನಟ್ಟುಗಳನ್ನು ಚಕ್ರ ನೆಲದಲ್ಲಿ ಇರುವಾಗಲೇ ಸ್ವಲ್ಪ ಸಡಿಲಿಸಿ. ಹಿಂಭಾಗ ಎತ್ತಿ, ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲಿ, ಬಾಡಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು ಅದರ ಮೇಲೆ ಭಾರ ಇಳಿಸಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟರೆ ಸ್ಪ್ರಿಂಗು ಬಿಚ್ಚಿಕೊಳ್ಳುವುದೇ ಇಲ್ಲ. ವ್ಯಾನನ್ನು ಕೈಯಿಂದ ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿ. ಅಲುಗಿದರೆ ಕೆಳಗೆ ಹೋಗಬೇಡಿ. ಬರೀ ಜಾಕ್ ನಂಬಿ ವ್ಯಾನಿನ ಕೆಳಗೆ ಒಂದು ಕೈಯನ್ನೂ ಇಡಬೇಡಿ.

ಹಂತ 6: ಚೀಲ ಕೂರಿಸುವುದು

ಚಕ್ರ ಬಿಚ್ಚಿ. ಜಾಕನ್ನು ಆಕ್ಸಲ್ ಕೆಳಗೆ ಆನಿಸಿ, ಎರಡೂ ಕಡೆ ಶಾಕಿನ ಕೆಳಗಿನ ಬೋಲ್ಟು ತೆಗೆಯಿರಿ. ನಿಧಾನವಾಗಿ, ಅಂಗುಲ ಅಂಗುಲವಾಗಿ ಆಕ್ಸಲ್ ಇಳಿಸಿ. ಇಳಿಸುವಾಗ ಕಣ್ಣು ಬ್ರೇಕ್ ಪೈಪಿನ ಮೇಲೆ ಇರಲಿ. ಎಬಿಎಸ್ (ಬ್ರೇಕು ಹಾಕಿದಾಗ ಚಕ್ರ ಕಚ್ಚಿ ನಿಲ್ಲದ ಹಾಗೆ ನೋಡುವ ವ್ಯವಸ್ಥೆ) ಸೆನ್ಸರ್ ತಂತಿ, ಹ್ಯಾಂಡ್‌ಬ್ರೇಕ್ ಕೇಬಲ್ ಕೂಡ ನೋಡುತ್ತಿರಿ. ಯಾವುದಾದರೂ ಬಿಗಿಯಾಗುತ್ತಾ ಬಂದರೆ ಅಲ್ಲಿಗೇ ನಿಲ್ಲಿಸಿ. ರಬ್ಬರ್ ಬ್ರೇಕ್ ಪೈಪು ಒಳಗೇ ಹರಿದರೆ ಹೊರಗೆ ಗೊತ್ತಾಗುವುದಿಲ್ಲ.

ಸ್ಪ್ರಿಂಗಿನ ಒಳಗೆ ಬಂಪ್ ಸ್ಟಾಪ್ ಇದ್ದರೆ ಅದನ್ನು ತೆಗೆಯಬೇಕೋ, ಕತ್ತರಿಸಬೇಕೋ, ಹಾಗೇ ಬಿಡಬೇಕೋ ಅನ್ನುವುದನ್ನು ನಿಮ್ಮ ಕಿಟ್ ಜೊತೆ ಬಂದ ಹಾಳೆ ಹೇಳುತ್ತದೆ. ಅದು ಹೇಳಿದ ಹಾಗೇ ಮಾಡಿ. ವ್ಯಾನಿನ ಮಾದರಿ, ವರ್ಷಕ್ಕೆ ತಕ್ಕ ಹಾಗೆ ಚೀಲದ ಉದ್ದ, ದಪ್ಪ ಬೇರೆ ಆಗುತ್ತದೆ. "ಎಲ್ಲಕ್ಕೂ ಆಗುತ್ತದೆ" ಅನ್ನುವ ಚೀಲ ತರಬೇಡಿ.

ಈಗ ಚೀಲ. ಬಾಯಿಯ ಮುಚ್ಚಳ ತೆಗೆದು, ಗಾಳಿ ಪೂರ್ತಿ ಒತ್ತಿ ತೆಗೆದು, ಮತ್ತೆ ಮುಚ್ಚಳ ಹಾಕಿ. ಚೀಲ ಚಪ್ಪಟೆಯಾಗುತ್ತದೆ. ಅದನ್ನು ಉದ್ದಕ್ಕೆ ಚಾಪೆ ಸುತ್ತಿದ ಹಾಗೆ ಸುತ್ತಿ, ಸುರುಳಿಗಳ ನಡುವಿನ ಸಂದಿಯಲ್ಲಿ ತೂರಿಸಿ ಒಳಗೆ ತಳ್ಳಿ. ಚೀಲ ಗಟ್ಟಿ ಇದ್ದರೆ ಬಿಸಿಲಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬಗ್ಗುತ್ತದೆ. ಸ್ಕ್ರೂಡ್ರೈವರ್‌ನಿಂದ ಮಾತ್ರ ಚುಚ್ಚಿ ತಳ್ಳಬೇಡಿ. ಒಳಗೆ ಹೋದ ಮೇಲೆ ಮುಚ್ಚಳ ತೆಗೆದರೆ ಚೀಲ ತಾನೇ ಬಿಚ್ಚಿಕೊಳ್ಳುತ್ತದೆ. ನೆಟ್ಟಗೆ, ಮಡಿಕೆ ಇಲ್ಲದೆ ನಿಂತಿದೆಯಾ ಅಂತ ಕೈ ಹಾಕಿ ನೋಡಿ. ಕಿಟ್‌ನಲ್ಲಿ ರಕ್ಷಣೆಯ ಬಿಲ್ಲೆ ಇದ್ದರೆ ಗಾಳಿ ಬಾಯಿ ಇರುವ ಕಡೆಗೆ ಅದನ್ನು ಇಡಲು ಮರೆಯಬೇಡಿ. ಲೋಹದ ಅಂಚಿಗೆ ಪೈಪು ಉಜ್ಜದಂತೆ ಕಾಯುವುದು ಅದೇ.

ಹಂತ 7: ಗಾಳಿ ಪೈಪು

ಕಿಟ್‌ಗಳಲ್ಲಿ ಎರಡೂ ಚೀಲವನ್ನು ಒಂದೇ ವಾಲ್ವಿಗೆ ಸೇರಿಸುವ ಕವಲು ಕೊಟ್ಟಿರುತ್ತಾರೆ. ಅದನ್ನು ಬಳಸಬೇಡಿ. ತಿರುವಿನಲ್ಲಿ ವ್ಯಾನು ಒಂದು ಕಡೆ ವಾಲಿದಾಗ, ಒತ್ತಿಹೋದ ಚೀಲದ ಗಾಳಿ ಪೈಪಿನ ಮೂಲಕ ಆಚೆ ಕಡೆಗೆ ಓಡುತ್ತದೆ. ವಾಲಾಟ ಇನ್ನೂ ಜಾಸ್ತಿ ಆಗುತ್ತದೆ. ಎರಡಕ್ಕೂ ಬೇರೆ ಬೇರೆ ವಾಲ್ವ್ ಇಡಿ. ಒಂದು ಕಡೆಯೇ ಭಾರ ಇದ್ದಾಗ ಆ ಕಡೆಗೆ ಮಾತ್ರ ಗಾಳಿ ಹೆಚ್ಚಿಸಬಹುದು.

ಪೈಪು ಕತ್ತರಿಸುವುದು ಚಿಕ್ಕ ಕೆಲಸ, ಆದರೆ ಸೋರಿಕೆ ಶುರುವಾಗುವುದು ಇಲ್ಲೇ. ಕತ್ತರಿಯಿಂದ ಕತ್ತರಿಸಿದರೆ ಬಾಯಿ ಚಪ್ಪಟೆಯಾಗುತ್ತದೆ. ಹೊಸ ಬ್ಲೇಡಿನಿಂದ, ನೇರವಾಗಿ, ಒಂದೇ ಏಟಿಗೆ ಕತ್ತರಿಸಿ. ಸೈಲೆನ್ಸರ್ ಪೈಪಿನಿಂದ ಕನಿಷ್ಠ 15 ಸೆ.ಮೀ. ದೂರ ಒಯ್ಯಿರಿ. ಆಕ್ಸಲ್ ಮೇಲೆ ಕೆಳಗೆ ಆಡುವುದರಿಂದ ಅಲ್ಲಿ ಸ್ವಲ್ಪ ಸಡಿಲ ಬಿಡಿ. ಕೇಬಲ್ ಟೈ ಪೈಪನ್ನು ಹಿಸುಕುವಷ್ಟು ಬಿಗಿಯಾಗದಿರಲಿ. ವಾಲ್ವುಗಳನ್ನು ನಂಬರ್ ಪ್ಲೇಟಿನ ಹತ್ತಿರವೋ ಬಂಪರಿನ ಕೆಳಗೋ ಕೈಗೆ ಸಿಗುವ ಹಾಗೆ ಕೂರಿಸಿ.

ಹಂತ 8: ಮತ್ತೆ ಜೋಡಿಸುವುದು

ಜಾಕಿನಿಂದ ಆಕ್ಸಲ್ ಎತ್ತಿ, ಸ್ಪ್ರಿಂಗು ಮೇಲೆ ಕೆಳಗೆ ತನ್ನ ಬಟ್ಟಲಲ್ಲಿ ಸರಿಯಾಗಿ ಕೂತಿದೆಯಾ ನೋಡಿ. ಶಾಕಿನ ಬೋಲ್ಟು ಹಾಕಿ, ಆದರೆ ಕೊನೆಯ ಬಿಗಿ ಈಗಲೇ ಬೇಡ. ಚಕ್ರ ಹಾಕಿ, ವ್ಯಾನು ನೆಲಕ್ಕೆ ಇಳಿದು ತನ್ನ ಎತ್ತರದಲ್ಲಿ ನಿಂತ ಮೇಲೆ ಟಾರ್ಕ್ ವ್ರೆಂಚಿನಿಂದ ಬಿಗಿ ಮಾಡಿ. ಚಕ್ರ ನೇತಾಡುವಾಗಲೇ ಬಿಗಿದರೆ ಬುಷ್ ಅನ್ನುವ ರಬ್ಬರ್ ಬಳೆ ತಿರುಚಿಕೊಂಡ ಸ್ಥಿತಿಯಲ್ಲೇ ಇರುತ್ತದೆ, ಬೇಗ ಹರಿಯುತ್ತದೆ. ವ್ಯಾನು ಇಳಿಸುವ ಮೊದಲು ಚೀಲಗಳಲ್ಲಿ ಸ್ವಲ್ಪ ಗಾಳಿ ಇರಲಿ.

ಹಂತ 9: ಸೋರಿಕೆ ನೋಡಿ, ಗಾಳಿ ಹೊಂದಿಸಿ

ಎರಡಕ್ಕೂ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿ, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಸೋರಿಕೆ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ನೋಡಿ.

ಇಂಥ ಚೀಲಗಳ ವ್ಯಾಪ್ತಿ ಸಾಮಾನ್ಯವಾಗಿ 5ರಿಂದ 35 ಪಿಎಸ್‌ಐ. ಟೈರಿನ ಹಾಗೆ ಇದರಲ್ಲಿ ಜಾಗ ಇಲ್ಲ. ಪೆಟ್ರೋಲ್ ಬಂಕಿನ ಗಾಳಿ ಯಂತ್ರ ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಿತಿ ದಾಟುತ್ತದೆ. ಸೈಕಲ್ ಪಂಪು ಸಾಕು. ಗೇಜು ಇಟ್ಟು ತೆಗೆದಾಗ ಹೋಗುವ ಚೂರು ಗಾಳಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ, ಪದೇ ಪದೇ ನೋಡುತ್ತಾ ಇದ್ದರೆ ಒತ್ತಡ ಇಳಿದುಹೋಗುತ್ತದೆ.

5 ಪಿಎಸ್‌ಐ ಇಟ್ಟು ಭಾರ ಹೇರಿ. ಎರಡನೇ ಹಂತದ ಚೀಟಿ ತೆಗೆಯಿರಿ. ಐದೈದು ಪಿಎಸ್‌ಐ ಏರಿಸುತ್ತಾ, ಒಂದೊಂದು ಸಲವೂ ಫೆಂಡರಿನ ಎತ್ತರ ಅಳೆಯಿರಿ. ಖಾಲಿ ಇದ್ದಾಗಿನ ಎತ್ತರಕ್ಕೆ ಹತ್ತಿರ ಬಂದ ತಕ್ಷಣ ನಿಲ್ಲಿಸಿ. ಅದಕ್ಕಿಂತ ಮೇಲೆ ಎತ್ತಬೇಡಿ. ಭಾರ ಇಳಿಸಿದ ಮೇಲೆ ಮತ್ತೆ 5ಕ್ಕೆ ತನ್ನಿ. ಇದನ್ನು ಮರೆಯುವವರು ಬಹಳ. ಖಾಲಿ ವ್ಯಾನಿನಲ್ಲಿ ಹಿಂಭಾಗ ಮಾತ್ರ ಕಲ್ಲಿನಂತಿದ್ದರೆ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರ ಜಾರಲು ಅದೇ ಸಾಕು. ಹಾಗಂತ ಪೂರ್ತಿ ಖಾಲಿಯೂ ಮಾಡಬೇಡಿ. ಗಾಳಿಯೇ ಇಲ್ಲದ ಚೀಲ ಮಡಿಚಿಕೊಂಡು, ಸುರುಳಿಗಳ ನಡುವೆ ಸಿಕ್ಕಿ ಹರಿಯುತ್ತದೆ.

ಹಂತ 10: ಬ್ರೇಕು, ಲೈಟು

ಕೆಲವು ವ್ಯಾನುಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಹಿಂದಿನ ಆಕ್ಸಲ್‌ನಿಂದ ಒಂದು ಸಣ್ಣ ಸರಳು ಹೊರಟು ಬಾಡಿಯ ಮೇಲಿನ ವಾಲ್ವಿಗೆ ಸೇರಿರುತ್ತದೆ. ಅದು ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕು ಹೊಂದಿಸುವ ವಾಲ್ವು. ಅದಕ್ಕೆ ಭಾರ ಗೊತ್ತಾಗುವುದು ಎತ್ತರದಿಂದ. ಹಿಂಭಾಗ ತಗ್ಗಿದರೆ ತುಂಬಿದೆ ಅಂದುಕೊಂಡು ಹಿಂದಕ್ಕೆ ಹೆಚ್ಚು ಬ್ರೇಕು ಬಿಡುತ್ತದೆ. ನೀವು ಈಗ ಹಿಂಭಾಗ ಎತ್ತಿದ್ದೀರಿ. ವ್ಯಾನು ಪೂರ್ತಿ ತುಂಬಿದ್ದರೂ ಅದು ಖಾಲಿ ಅಂದುಕೊಂಡು ಹಿಂದಿನ ಬ್ರೇಕು ಕಮ್ಮಿ ಮಾಡಿಬಿಡುತ್ತದೆ! ಸಸ್ಪೆನ್ಷನ್ ಕೆಲಸ ಮಾಡುವವರಲ್ಲೂ ಇದನ್ನು ಕೇಳದವರಿದ್ದಾರೆ. ಕೆಳಗೆ ನೋಡಿ, ಅಂಥ ಸರಳು ಇದ್ದರೆ ಬ್ರೇಕಿನ ಕೆಲಸ ಬಲ್ಲವರ ಹತ್ತಿರ ಹೊಸ ಎತ್ತರಕ್ಕೆ ಹೊಂದಿಸಿಕೊಂಡೇ ರಸ್ತೆಗೆ ಇಳಿಯಿರಿ.

ಹೆಡ್‌ಲೈಟು ತಾನೇ ತಗ್ಗಿ ಏರುವ ವ್ಯಾನುಗಳಲ್ಲೂ ಆಕ್ಸಲ್ ಹತ್ತಿರ ಇಂಥದೇ ಸೆನ್ಸರ್ ಇರುತ್ತದೆ. ಅದರ ಸರಳು ಬಗ್ಗಿಲ್ಲ, ಕಳಚಿಲ್ಲ ಅಂತ ನೋಡಿ. ಉಳಿದವರು ಸಂಜೆ ಗೋಡೆಯ ಮುಂದೆ ನಿಲ್ಲಿಸಿ ಬೆಳಕಿನ ಮಟ್ಟ ನೋಡಿಕೊಂಡರೆ ಸಾಕು. ಸ್ಪ್ರಿಂಗು ಬದಲಿಸಿದವರು ಮತ್ತು ಹಿಂದೆ ಎರಡೂ ಚಕ್ರಕ್ಕೆ ಬೇರೆ ಬೇರೆ ತೋಳು ಇರುವ ಸಸ್ಪೆನ್ಷನ್‌ನವರು ವೀಲ್ ಅಲೈನ್‌ಮೆಂಟ್ ಮಾಡಿಸಿ.

ಹಂತ 11: ಮೊದಲ ಓಟ

ಖಾಲಿ ವ್ಯಾನಿನಲ್ಲಿ ಹತ್ತಿರದಲ್ಲೇ ಒಂದು ಸುತ್ತು ಹೋಗಿ ಬನ್ನಿ. ಉಬ್ಬು ದಾಟುವಾಗ ಟಕ್ ಟಕ್ ಅಂದರೆ ಸ್ಪ್ರಿಂಗು ಬಟ್ಟಲಲ್ಲಿ ಸರಿಯಾಗಿ ಕೂತಿಲ್ಲ, ಅಥವಾ ಶಾಕಿನ ಬೋಲ್ಟು ಸಡಿಲ ಇದೆ. ಆಮೇಲೆ ಭಾರ ಹೇರಿ ಓಡಿಸಿ. 100 ಕಿ.ಮೀ. ಆದ ಮೇಲೆ ವೀಲ್ ನಟ್ಟು, ಶಾಕ್ ಬೋಲ್ಟು ಮತ್ತೊಮ್ಮೆ ಬಿಗಿ ನೋಡಿ. ಪೈಪು ಎಲ್ಲಾದರೂ ಉಜ್ಜಿದ ಗುರುತು ಇದೆಯಾ ಅಂತ ಕೆಳಗೆ ಬಗ್ಗಿ ನೋಡಿ. ಮುಂದೆ ತಿಂಗಳಿಗೊಮ್ಮೆ, ಟೈರಿನ ಗಾಳಿ ನೋಡುವಾಗ ಇದನ್ನೂ ನೋಡಿ. ಒಂದು ಕಡೆ ಮಾತ್ರ ಗಾಳಿ ಇಳಿಯುತ್ತಿದ್ದರೆ ಚೀಲವೇ ಹೋಯಿತು ಅಂತ ಹೊಸದಕ್ಕೆ ಓಡಬೇಡಿ. ಪೈಪಿನ ತುದಿಯನ್ನು ಜೋಡಣೆಯಿಂದ ತೆಗೆದು, 1 ಸೆ.ಮೀ. ನೇರವಾಗಿ ಕತ್ತರಿಸಿ, ಮತ್ತೆ ಗಟ್ಟಿಯಾಗಿ ಒತ್ತಿ ಕೂರಿಸಿ, ಸೋಪಿನ ನೀರು ಹಚ್ಚಿ ನೋಡಿ.